ರಾತ್ರಿ ಊಟದ ನಂತರದ ಹೊಟ್ಟೆ ಉಬ್ಬರ

ರಾತ್ರಿ ಉಂಡ ಮೇಲೆ ಹೊಟ್ಟೆ ಬಿಗಿದುಕೊಳ್ಳುವುದು, ಮೇಲ್ಹೊಟ್ಟೆಯಲ್ಲಿ ಭಾರ ಕೂರುವುದು, ತೇಗು ಬಂದರೂ ಹಗುರವಾಗದಿರುವುದು, ಕರುಳಿನಲ್ಲಿ ಗುಡುಗುಡು ಸದ್ದು, ಮತ್ತೆ ಮತ್ತೆ ವಾಯು ಸರಿಯುವುದು, ಉಟ್ಟ ಬಟ್ಟೆ ಸೊಂಟದಲ್ಲಿ ಹಿಡಿಯುವುದು: ಈ ಲಕ್ಷಣಗಳ ಗುಂಪನ್ನು ಹೊಟ್ಟೆ ಉಬ್ಬರ ಎನ್ನುತ್ತಾರೆ. ಕರ್ನಾಟಕದಲ್ಲಿ ಹೆಚ್ಚಿನವರು ಇದನ್ನು ಗ್ಯಾಸ್ಟ್ರಿಕ್ ಎಂದೋ ವಾಯು ಎಂದೋ ಕರೆದು ಮುಗಿಸುತ್ತಾರೆ. ಉಬ್ಬರ ತಾನೇ ಒಂದು ರೋಗವಲ್ಲ, ಲಕ್ಷಣ ಮಾತ್ರ. ವೈದ್ಯರು ಅದರಲ್ಲಿ ಎರಡು ಬಗೆ ಕಾಣುತ್ತಾರೆ. ಒಂದು, ಒಳಗೆ ಆಗುವ ಬಿಗಿತದ ಅನುಭವ. ಇನ್ನೊಂದು, ಟೇಪು ಹಿಡಿದು ಅಳೆಯಬಹುದಾದಷ್ಟು ಹೊಟ್ಟೆ ಮುಂದೆ ಬರುವುದು. ಎರಡೂ ಜೊತೆಯಾಗಿಯೇ ಬರಬೇಕೆಂದಿಲ್ಲ. ಸಪಾಟು ಹೊಟ್ಟೆಯವರೂ ತಾಳಲಾರದ ಬಿಗಿತ ಹೇಳಿಕೊಳ್ಳುವುದುಂಟು.

ಇದು ಎಷ್ಟು ಸಾಮಾನ್ಯ ಎಂಬುದಕ್ಕೆ ಒಂದು ಅಂದಾಜು ಇದೆ. ಜೀರ್ಣಾಂಗ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ರೋಮ್ ಫೌಂಡೇಶನ್ 26 ದೇಶಗಳ 51,000ಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇ. 18 ಮಂದಿ ವಾರಕ್ಕೊಮ್ಮೆಯಾದರೂ ಹೊಟ್ಟೆ ಉಬ್ಬರಿಸುವುದಾಗಿ ಹೇಳಿದ್ದರು. ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಸಂಜೆಗೇ ಏಕೆ

ಬೆಳಗ್ಗೆ ತಿಂದ ಇಡ್ಲಿ ತೊಂದರೆ ಕೊಡುವುದಿಲ್ಲ, ರಾತ್ರಿ ತಿಂದ ಎರಡು ಚಪಾತಿ ನಿದ್ದೆ ಕೆಡಿಸುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಅದರ ಹೊಣೆಯನ್ನೆಲ್ಲ ಚಪಾತಿಯ ತಲೆಗೆ ಕಟ್ಟುವುದು ತಪ್ಪು. ರಾತ್ರಿಯ ಉಬ್ಬರ ಬಹುಮಟ್ಟಿಗೆ ಇಡೀ ದಿನದ ಊಟದ ಲೆಕ್ಕ.

ಗಟ್ಟಿ ಆಹಾರ ಜಠರದಿಂದ ಪೂರ್ತಿ ಖಾಲಿಯಾಗಲು ಸುಮಾರು 4 ಗಂಟೆ ಬೇಕು; ಎಣ್ಣೆ, ತುಪ್ಪ ಹೆಚ್ಚಿದ್ದರೆ ಇನ್ನೂ ತಡ. ಅಲ್ಲಿಂದ ಸಣ್ಣ ಕರುಳನ್ನು ದಾಟಲು ಮತ್ತೆ ಕೆಲವು ಗಂಟೆ. ಜೀರ್ಣವಾಗದೆ ಉಳಿದ ಸಕ್ಕರೆ, ಪಿಷ್ಟ, ನಾರು ದೊಡ್ಡ ಕರುಳನ್ನು ಮುಟ್ಟಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಮಾಡುತ್ತವೆ. ಅಂದರೆ ಮಧ್ಯಾಹ್ನ 1 ಗಂಟೆಗೆ ಉಂಡ ಕಾಳಿನ ಹುಳಿಯ ಪರಿಣಾಮ ಕಾಣಿಸುವುದು ಹೆಚ್ಚಾಗಿ ಸಂಜೆ, ರಾತ್ರಿಯ ಹೊತ್ತಿಗೆ. ಅದೇ ಸಮಯಕ್ಕೆ ರಾತ್ರಿಯ ಊಟ ಜಠರಕ್ಕೆ ಬೀಳುತ್ತದೆ. ಜಠರ ಹಿಗ್ಗಿದೊಡನೆ ನರಗಳ ಮೂಲಕ ಕೆಳಗಿನ ಕರುಳಿಗೆ ಸೂಚನೆ ಹೋಗಿ, ಸಣ್ಣ ಕರುಳಿನ ತುದಿಯಲ್ಲಿದ್ದುದು ದೊಡ್ಡ ಕರುಳಿಗೆ ನೂಕಲ್ಪಡುತ್ತದೆ, ದೊಡ್ಡ ಕರುಳೂ ಮಿಸುಕಾಡುತ್ತದೆ. ಉಂಡು ಅರ್ಧ ಗಂಟೆಯೊಳಗೆ ಕೆಳಹೊಟ್ಟೆ ಉಬ್ಬಿದರೆ ಅದು ಈಗ ತಿಂದುದರ ಅನಿಲವಾಗಿರುವ ಸಂಭವ ಕಡಿಮೆ; ಮೊದಲೇ ಅಲ್ಲಿದ್ದುದು ಈಗ ಎಚ್ಚೆತ್ತಿದೆ, ಅಷ್ಟೆ. ಮೇಲ್ಹೊಟ್ಟೆಯ ಭಾರ, ಬೇಗ ಹೊಟ್ಟೆ ತುಂಬಿದಂತಾಗುವುದು, ಹುಳಿತೇಗು ಇವು ಮಾತ್ರ ನೇರವಾಗಿ ಆ ಹೊತ್ತಿನ ಊಟಕ್ಕೆ ಸೇರಿದವು.

ದೇಹದ ಗಡಿಯಾರವೂ ಇದರಲ್ಲಿ ಕೈಹಾಕುತ್ತದೆ. ಒಂದೇ ಊಟವನ್ನು ಬೆಳಗ್ಗೆ 8ಕ್ಕೂ ರಾತ್ರಿ 8ಕ್ಕೂ ಕೊಟ್ಟು ಅಳೆದ 1987ರ ಅಮೆರಿಕದ ಒಂದು ಅಧ್ಯಯನದಲ್ಲಿ ರಾತ್ರಿಯ ಗಟ್ಟಿ ಆಹಾರ ಜಠರದಿಂದ ಅರ್ಧ ಖಾಲಿಯಾಗಲು ಬೆಳಗಿಗಿಂತ ಅರ್ಧದಷ್ಟು ಹೆಚ್ಚು ಸಮಯ ಹಿಡಿಯಿತು. ನಿದ್ದೆಯಲ್ಲಿ ದೊಡ್ಡ ಕರುಳಿನ ಚಲನೆ ಬಹಳ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಚುರುಕಾಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಂಶೋಧಕರು ಹೊಟ್ಟೆಗೆ ಪಟ್ಟಿ ಕಟ್ಟಿ ದಿನವಿಡೀ ಸುತ್ತಳತೆ ದಾಖಲಿಸುವ ಉಪಕರಣವೊಂದನ್ನು ರೂಪಿಸಿದರು. 2001ರ ಸುಮಾರಿಗೆ ಅವರು ಕಂಡದ್ದು, ಆರೋಗ್ಯವಂತರಲ್ಲೂ ಹೊಟ್ಟೆ ಬೆಳಗಿನಿಂದ ಸಂಜೆಯವರೆಗೆ ಹಿಗ್ಗುತ್ತ ಹೋಗಿ, ಮಲಗಿದ ಮೇಲೆ ಇಳಿಯುತ್ತದೆ. ಕರುಳಿನ ಕೆರಳಿಕೆ, ಅಂದರೆ ಐಬಿಎಸ್ ಇರುವವರಲ್ಲಿ ಈ ಏರಿಳಿತ ದೊಡ್ಡದು. ಸಂಜೆ ಹೊಟ್ಟೆ ಸ್ವಲ್ಪ ಮುಂದೆ ಬರುವುದು ಹೀಗಾಗಿ ಎಲ್ಲರಿಗೂ ಸಹಜವೇ.

ಗಾಳಿಯ ಲೆಕ್ಕ

ಹೊಟ್ಟೆ ಉಬ್ಬಿದವರಿಗೆಲ್ಲ ಒಳಗೆ ಗಾಳಿ ತುಂಬಿದೆ ಎಂಬುದು ಜನರ ನಂಬಿಕೆ. ಬಹುಕಾಲ ವೈದ್ಯರದೂ ಅದೇ ಆಗಿತ್ತು. ಖಾಲಿ ಹೊಟ್ಟೆಯಲ್ಲಿ ಇಡೀ ಜೀರ್ಣನಾಳದಲ್ಲಿರುವ ಅನಿಲ ಸುಮಾರು 100ರಿಂದ 200 ಮಿಲಿಲೀಟರ್ ಮಾತ್ರ. ದಿನಕ್ಕೆ ಹೊರಹೋಗುವುದು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು. 10ರಿಂದ 20 ಸಲ ವಾಯು ಸರಿಯುವುದು ಆರೋಗ್ಯದ ಮಿತಿಯೊಳಗೇ ಇದೆ. ನುಂಗಿದ ಗಾಳಿಯ ಸಾರಜನಕ, ಕರುಳಿನಲ್ಲೇ ಹುಟ್ಟುವ ಇಂಗಾಲದ ಡೈಆಕ್ಸೈಡ್, ಜಲಜನಕ, ಕೆಲವರಲ್ಲಿ ಮೀಥೇನ್ ಇದರ ಬಹುಪಾಲು. ಇವಾವುದಕ್ಕೂ ವಾಸನೆಯಿಲ್ಲ, ನಾತ ಬರುವುದು ಶೇ. 1ಕ್ಕೂ ಕಡಿಮೆ ಇರುವ ಗಂಧಕದ ಅನಿಲಗಳಿಂದ.

ಕರುಳಿನ ಅನಿಲವನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡ ಅಮೆರಿಕದ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು 1975ರಲ್ಲಿ ಉಬ್ಬರದ ರೋಗಿಗಳ ಕರುಳಿನೊಳಗೆ ಆರ್ಗಾನ್ ಅನಿಲ ಹಾಯಿಸಿ ಅಲ್ಲಿದ್ದುದನ್ನೆಲ್ಲ ತೊಳೆದು ಅಳೆದರು. ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಅನಿಲದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಮುಂದೆ ಬಾರ್ಸಿಲೋನಾದ ವಾಲ್ ದೆಬ್ರಾನ್ ಆಸ್ಪತ್ರೆಯಲ್ಲಿ ಫರ್ನಾಂಡೊ ಅಸ್ಪಿರೋಜ್, ಹ್ವಾನ್ ಮಲಗೆಲಾಡ ಅವರ ತಂಡ ಸಣ್ಣ ಕರುಳಿಗೆ ನಿಮಿಷಕ್ಕೆ 12 ಮಿಲಿಲೀಟರಿನಂತೆ ಅನಿಲ ಬಿಟ್ಟು ನೋಡಿತು. ಆರೋಗ್ಯವಂತರು ಒಳಬಂದಷ್ಟನ್ನೂ ಅದೇ ವೇಗದಲ್ಲಿ ಹೊರಹಾಕಿದರು, ಏನೂ ಅನಿಸಲಿಲ್ಲ. ಐಬಿಎಸ್ ಇದ್ದವರಲ್ಲಿ ಹಲವರು ಅದನ್ನು ಒಳಗೇ ಹಿಡಿದಿಟ್ಟುಕೊಂಡರು, ಇಲ್ಲವೇ ಸ್ವಲ್ಪಕ್ಕೇ ನೋವು ಎಂದರು. ಕೊಬ್ಬು ಸಣ್ಣ ಕರುಳಿಗೆ ಬಂದಾಗ ಅನಿಲದ ಸಾಗಾಟ ನಿಧಾನವಾಯಿತು; ನೆಟ್ಟಗೆ ನಿಂತಾಗ ಮಲಗಿದ್ದಕ್ಕಿಂತ ಬೇಗ ಸಾಗಿತು. ತುಪ್ಪ ಸುರಿದ ಊಟ ಮಾಡಿ ಕೂಡಲೇ ಹಾಸಿಗೆ ಹಿಡಿಯುವವರ ಪಾಡನ್ನು ಈ ಎರಡು ಸಂಗತಿಗಳೇ ಬಹಳಷ್ಟು ವಿವರಿಸುತ್ತವೆ.

ಅದೇ ತಂಡದ ಇನ್ನೊಂದು ಶೋಧ ಇನ್ನೂ ವಿಚಿತ್ರ. ಹೊಟ್ಟೆ ಕಣ್ಣಿಗೆ ಕಾಣುವಂತೆ ಉಬ್ಬಿದಾಗ ಸಿ.ಟಿ. ಸ್ಕ್ಯಾನ್ ಮಾಡಿದರೆ ಹಲವರಲ್ಲಿ ಅನಿಲ ಅಂಥ ಹೆಚ್ಚಿರಲಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಕ್ಕೆ ಇಳಿದಿತ್ತು, ಹೊಟ್ಟೆಯ ಮುಂಭಾಗದ ಸ್ನಾಯುಗಳು ಸಡಿಲಗೊಂಡಿದ್ದವು. ಸಾಮಾನ್ಯವಾಗಿ ಊಟದ ನಂತರ ವಪೆ ಸಡಿಲಗೊಂಡು ಮೇಲಕ್ಕೆ ಸರಿದು ಜಾಗ ಮಾಡಿಕೊಡುತ್ತದೆ, ಹೊಟ್ಟೆಯ ಗೋಡೆ ತುಸು ಬಿಗಿಯಾಗುತ್ತದೆ. ಈ ಹೊಂದಾಣಿಕೆ ತಿರುಗುಮುರುಗಾದರೆ ಒಳಗಿನದೆಲ್ಲ ಮುಂದಕ್ಕೆ ನೂಕಲ್ಪಡುತ್ತದೆ. ಸ್ನಾಯುಗಳ ಚಲನೆಯನ್ನು ಪರದೆಯ ಮೇಲೆ ತೋರಿಸುತ್ತ ಉಸಿರಾಟ ತಿದ್ದುವ ತರಬೇತಿಯಿಂದ ಇಂಥವರ ಉಬ್ಬರ ಇಳಿದದ್ದೂ ದಾಖಲಾಗಿದೆ. ಉಬ್ಬರವೆಲ್ಲ ಗಾಳಿಯದೇ ಎಂದು ಗಾಳಿ ಕಳೆಯುವ ಮಾತ್ರೆಗಳನ್ನೇ ನುಂಗುವವರಿಗೆ ಗುಣ ಕಾಣದಿರುವುದು ಇದರಿಂದಲೇ ಇರಬಹುದು.

ಕಾಳು, ಹಿಟ್ಟು, ಹಾಲು

ಅನಿಲ ಹೆಚ್ಚಿಸುವ ಆಹಾರದಲ್ಲಿ ಮೊದಲ ಸ್ಥಾನ ಕಾಳುಗಳದು. ಅವರೆ, ಹುರುಳಿ, ಅಲಸಂದೆ, ಕಡಲೆ, ರಾಜ್ಮಾಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯಬೇಕಾದ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಇದ್ದಂತೆಯೇ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುದುಗುತ್ತವೆ. ಇದು ಯಾರ ಜೀರ್ಣಶಕ್ತಿಯ ದೋಷವೂ ಅಲ್ಲ. ಎಲ್ಲರಿಗೂ ಆಗುತ್ತದೆ, ಕೆಲವರಿಗೆ ತಿಳಿಯುತ್ತದೆ.

ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ಬೆಂಗಳೂರು, ಕೋಲಾರ, ಮಂಡ್ಯ ಕಡೆಯ ಮನೆಗಳಲ್ಲಿ ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಹುಳಿ, ರಾತ್ರಿ ಹಿತಕಿದವರೆ ಸಾರು ಎಂಬಂತೆ ಸೊಗಡು ಮುಗಿಯುವ ತನಕ ಅದೇ ನಡೆಯುತ್ತದೆ, ವಿ.ವಿ.ಪುರದ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಹೋಳಿಗೆಯವರೆಗೆ ಎಲ್ಲಕ್ಕೂ ಅದು ಬೀಳುತ್ತದೆ. ಈ ಕಾಲದ ಹೊಟ್ಟೆಯ ದೂರು ಒಂದು ಊಟದ್ದಲ್ಲ, ಮೂರು ಊಟ ಕೂಡಿದ್ದು. ಹಿತಕುವಾಗ ಕಾಳನ್ನು ನೆನೆಸಿ ಸಿಪ್ಪೆ ತೆಗೆಯುವುದರಿಂದ ನಾರೂ ನೀರಿಗೆ ಬಿಟ್ಟ ಸಕ್ಕರೆಯೂ ಸ್ವಲ್ಪ ಕಳೆಯುತ್ತದೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸುವುದು ಎಲ್ಲ ಕಾಳಿಗೂ ಸಲ್ಲುವ ಉಪಾಯ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮೊಳೆಯುವ ಕಾಳು ತನ್ನ ಬೆಳವಣಿಗೆಗೆ ಬಳಸುವುದು ಇದೇ ಸಕ್ಕರೆಗಳನ್ನು. ಆದರೆ ಬಸ್ಸಾರಿನಲ್ಲಿ ಒಂದು ತೊಡಕಿದೆ. ಅಲ್ಲಿ ಕಾಳು ಬೆಂದ ಕಟ್ಟನ್ನೇ ಬಸಿದು ಸಾರು ಮಾಡುವುದರಿಂದ, ಬೇಯುವಾಗ ಕಾಳಿನಿಂದ ಹೊರಟ ಸಕ್ಕರೆ ಪಲ್ಯದಿಂದ ತಪ್ಪಿಸಿಕೊಂಡು ಸಾರಿನ ಮೂಲಕ ತಟ್ಟೆಗೇ ಬರುತ್ತದೆ. ಇದಕ್ಕಾಗಿ ಬಸ್ಸಾರು ಬಿಡುವುದು ಹೇಳಲಾಗದ ಮಾತು. ನೆನೆಸಿದ ನೀರನ್ನಾದರೂ ಚೆಲ್ಲಬಹುದು. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಿದರೆ ಕಾಳು ಮೆತ್ತಗಾಗುತ್ತದೆ, ಜೊತೆಗೆ ಅದರ ಥಯಾಮಿನ್ ಜೀವಸತ್ವ ಹಾಳಾಗುತ್ತದೆ. ಸಿಪ್ಪೆ ತೆಗೆದ ಹೆಸರುಬೇಳೆ ಇವೆಲ್ಲದರಲ್ಲಿ ಹೊಟ್ಟೆಗೆ ಹಗುರವಾದದ್ದು; ಜ್ವರ ಬಿಟ್ಟವರಿಗೆ ಹೆಸರುಬೇಳೆ ಕಟ್ಟು ಕೊಡುವ ರೂಢಿ ಸರಿಯಾಗಿಯೇ ಇದೆ.

ಧಾನ್ಯಗಳಲ್ಲಿ ಅಕ್ಕಿ ಎಲ್ಲಕ್ಕಿಂತ ಕಡಿಮೆ ಅನಿಲ ಮಾಡುತ್ತದೆ. ಅದರ ಪಿಷ್ಟ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಹೀರಲ್ಪಡುತ್ತದೆ ಎಂದು ಲೆವಿಟ್ ತಂಡ 1987ರಲ್ಲಿ ತೋರಿಸಿತು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಗಳಿವೆ, ಅವೂ ಹುದುಗುವವೇ. ಮಧುಮೇಹದ ಭಯದಿಂದ ರಾತ್ರಿ ಅನ್ನ ಬಿಟ್ಟು ಚಪಾತಿಗೆ ತಿರುಗಿದ ಎಷ್ಟೋ ನಗರವಾಸಿಗಳಿಗೆ ಉಬ್ಬರ ಶುರುವಾಗಿ, ಎರಡನ್ನೂ ಜೋಡಿಸಿ ನೋಡಲು ತೋಚದೆ ಹೋಗುತ್ತದೆ. ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹೊಟ್ಟೆ ಕೆಡುತ್ತದೆ ಎಂದು ಮುದ್ದೆ ತಿನ್ನದವರು ಹೇಳುವುದುಂಟು. ಮುದ್ದೆ ಹಿಟ್ಟು ಚೆನ್ನಾಗಿ ಬೆಂದ ಮೆತ್ತನೆಯ ವಸ್ತು. ಅದರ ಜೊತೆ ಬಟ್ಟಲುಗಟ್ಟಲೆ ಇಳಿಯುವ ಹುರುಳಿ ಸಾರನ್ನು ಮೊದಲು ವಿಚಾರಿಸಬೇಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ ಅದೇ ಮಾತು. ಅಲ್ಲಿ ಉಬ್ಬರಿಸುವುದು ಹೆಚ್ಚಾಗಿ ಕಡಲೆಹಿಟ್ಟಿನ ಜುಣಕ, ಹಸಿ ಉಳ್ಳಾಗಡ್ಡಿ, ಸಂಜೆ ಗಿರ್ಮಿಟ್ಟಿನ ಜೊತೆ ತಿಂದ ಮಿರ್ಚಿ ಭಜಿ.

ಈರುಳ್ಳಿ, ಬೆಳ್ಳುಳ್ಳಿ ಫ್ರಕ್ಟಾನಿನ ಗಣಿಗಳು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯ ಎಸಳನ್ನು ಒಗ್ಗರಣೆಯ ಎಣ್ಣೆಯಲ್ಲಿ ಕೆಂಪಗೆ ಹುರಿದು ಎತ್ತಿಟ್ಟರೆ ಘಮ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಎಲೆಕೋಸು, ಹೂಕೋಸು, ಹಲಸಿನ ಹಣ್ಣು, ಅತಿಯಾಗಿ ತಿಂದ ಮಾವು, ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಸಾರ್ಬಿಟಾಲ್ ಇವೂ ಇದೇ ಸಾಲಿನವು.

ಹಾಲಿನ ಕಥೆ ಬೇರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಬಾಲ್ಯದ ನಂತರ ಬಹಳ ಜನರಲ್ಲಿ ಕುಗ್ಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಲ್ಯಾಕ್ಟೋಸ್ ಒಗ್ಗದವರು ದಕ್ಷಿಣದವರಲ್ಲಿ ಮೂರರಲ್ಲಿ ಎರಡು ಪಾಲು, ಉತ್ತರದವರಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟಿದ್ದರು. ಮಲಗುವ ಮುಂಚೆ ದೊಡ್ಡ ಲೋಟ ಹಾಲು ಕುಡಿಯುವ ಅಭ್ಯಾಸ ಹಲವರ ರಾತ್ರಿಯ ಉಬ್ಬರಕ್ಕೆ ಸರಳ ಕಾರಣ. ಒಂದು ವಾರ ನಿಲ್ಲಿಸಿದರೆ ತಿಳಿಯುತ್ತದೆ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸಿನ ಒಂದು ಭಾಗ ಕಬಳಿಸಿರುತ್ತವೆ, ಉಳಿದುದನ್ನು ಕರುಳಿನಲ್ಲಿ ಒಡೆಯಲೂ ನೆರವಾಗುತ್ತವೆ. ಹಾಲು ಒಗ್ಗದವರು ಮೊಸರನ್ನ ಉಂಡು ಹಾಯಾಗಿರುವುದು ಅದರಿಂದ.

ಉಣ್ಣುವ ಹೊತ್ತು, ಉಣ್ಣುವ ಬಗೆ

ಬೆಂಗಳೂರಿನ ಕಚೇರಿಯ ದಿನಚರಿಯಲ್ಲಿ ಬೆಳಗಿನ ತಿಂಡಿ ಗಡಿಬಿಡಿಯದು, ಮಧ್ಯಾಹ್ನ ಡಬ್ಬಿಯ ಊಟ ಸಣ್ಣದು, ಸಂಜೆ 6ಕ್ಕೆ ಗೋಬಿ ಮಂಚೂರಿಯೋ ಬಜ್ಜಿಯೋ, ರಾತ್ರಿ 9:30ಕ್ಕೆ ದಿನದ ಅತಿ ದೊಡ್ಡ ಊಟ, 10:30ಕ್ಕೆ ಹಾಸಿಗೆ. ಕರಿದ ತಿಂಡಿ ಜಠರ ಬಿಡುವ ಮೊದಲೇ ಅದರ ಮೇಲೆ ಊಟ ಬೀಳುತ್ತದೆ. ಇಲ್ಲಿ ಏನು ತಿಂದರು ಎಂಬುದಕ್ಕಿಂತ ಎಷ್ಟು, ಯಾವಾಗ ಎಂಬುದೇ ಮುಖ್ಯ. ಮಧ್ಯಾಹ್ನದ ಊಟ ಹೆಚ್ಚಿಸಿ ರಾತ್ರಿಯದನ್ನು ತಗ್ಗಿಸುವುದು, ಮಲಗುವುದಕ್ಕೆ 2ರಿಂದ 3 ಗಂಟೆ ಮೊದಲು ಉಣ್ಣುವುದು ಬಹಳ ಜನರಿಗೆ ಫಲ ಕೊಡುತ್ತದೆ. ಜೈನರ ರಾತ್ರಿಭೋಜನ ತ್ಯಾಗಕ್ಕೆ ಅಹಿಂಸೆಯೇ ಮೂಲ ಕಾರಣ. ಹೊತ್ತು ಮುಳುಗುವ ಮೊದಲೇ ಉಣ್ಣುವ ಆ ಪದ್ಧತಿಯಲ್ಲಿ ಜಠರಕ್ಕೆ ದೊರೆಯುವ ಬಿಡುವು ಅದರ ಜೊತೆಗೆ ಬಂದದ್ದು. ಪೂರ್ತಿ ದಿನದ ಉಪವಾಸದ ನಂತರದ ಊಟದಲ್ಲಿ ಇದಕ್ಕೆ ಎದುರಾದ ತೊಂದರೆ ಕಾಣುತ್ತದೆ. ರಂಜಾನಿನ ಇಫ್ತಾರಿನಲ್ಲಾಗಲಿ ಏಕಾದಶಿಯ ಪಾರಣೆಯಲ್ಲಾಗಲಿ ಖರ್ಜೂರ, ನೀರು, ಗಂಜಿಯಂಥ ಹಗುರವಾದುದರಿಂದ ಶುರುಮಾಡಿ ಸ್ವಲ್ಪ ಹೊತ್ತು ಬಿಟ್ಟು ಊಟಕ್ಕೆ ಕೂರುವವರಿಗೆ ಕಷ್ಟ ಕಡಿಮೆ.

ಗಬಗಬ ತಿನ್ನುವಾಗ, ತಿನ್ನುತ್ತ ಮಾತಾಡುವಾಗ, ಬೀಡಿ ಸಿಗರೇಟು ಸೇದುವಾಗ, ಸಡಿಲವಾದ ಹಲ್ಲುಸೆಟ್ಟಿನಲ್ಲಿ ಅಗಿಯುವಾಗ ಗಾಳಿ ಹೆಚ್ಚು ನುಂಗಿಹೋಗುತ್ತದೆ. ಮೇಲೆ ತೇಗಾಗಿ ಬರುವುದು ಬಹುಪಾಲು ಇದೇ ಗಾಳಿ. ತೇಗು ಬಂದರೆ ಹಗುರವಾಗುತ್ತದೆ ಎಂದು ಬೇಕೆಂದೇ ತೇಗಲು ಯತ್ನಿಸುವವರು ಪ್ರತಿ ಸಲವೂ ಇನ್ನಷ್ಟು ಗಾಳಿ ಒಳಗೆಳೆದುಕೊಳ್ಳುತ್ತಾರೆ. ಅಭ್ಯಾಸ ಬೇರೂರಿದರೆ ದಿನಕ್ಕೆ ನೂರಾರು ತೇಗು. ಊಟದ ನಡುವೆ ನೀರು ಕುಡಿದರೆ ಜೀರ್ಣರಸ ತೆಳುವಾಗಿ ಅಜೀರ್ಣವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಜಠರ ಬೇಕಾದಷ್ಟು ಆಮ್ಲ ಸುರಿಸಿಕೊಳ್ಳಬಲ್ಲದು. ಒಂದೇ ಗುಟುಕಿಗೆ ಚೊಂಬು ಮುಗಿಸಿದರೆ ಜಠರ ಹಿಗ್ಗುತ್ತದೆ ಎಂಬುದಷ್ಟೇ ನಿಜ.

ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕು ಎಂಬ ಹಿರಿಯರ ಮಾತಿಗೆ ಪ್ರಯೋಗಗಳ ಬೆಂಬಲವಿದೆ. ಬಾರ್ಸಿಲೋನಾ ತಂಡ ಹಗುರವಾದ ವ್ಯಾಯಾಮದಿಂದ ಅನಿಲ ಬೇಗ ಸಾಗುವುದನ್ನು ಅಳೆದು ತೋರಿಸಿತು. ಇರಾನಿನಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರತಿ ಊಟದ ನಂತರ 10ರಿಂದ 15 ನಿಮಿಷ ನಿಧಾನ ನಡೆದವರ ಉಬ್ಬರ ಔಷಧ ಪಡೆದವರಷ್ಟೇ ಕಡಿಮೆಯಾಯಿತು. ನೂರು ಹೆಜ್ಜೆ ಸಾಲದು, ಸಾವಿರವಾದರೂ ಬೇಕು. ವಜ್ರಾಸನವನ್ನು ಬಹಳ ಮಂದಿ ಹೊಗಳುತ್ತಾರೆ. ಮಂಡಿ ಗಟ್ಟಿಯಿದ್ದವರಿಗೆ ಅದರಿಂದ ತೊಂದರೆಯಿಲ್ಲ, ನೆಟ್ಟಗೆ ಕೂತಿರುವುದೇ ಅದರ ಮುಖ್ಯ ಲಾಭ ಎನಿಸುತ್ತದೆ. ಎದೆಯುರಿಯೂ ಜೊತೆಗಿರುವವರು ಮಂಚದ ತಲೆಭಾಗ ಎತ್ತರಿಸಿ ಎಡ ಮಗ್ಗುಲಿಗೆ ಮಲಗುವುದು ಒಳ್ಳೆಯದು.

ಜೀರ್ಣಕ್ರಿಯೆಯಲ್ಲಿ ಮನಸ್ಸಿಗೂ ಇರುವ ಪಾಲನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಅಮೆರಿಕದ ಸೈನಿಕ ವೈದ್ಯ ವಿಲಿಯಂ ಬ್ಯೂಮಾಂಟ್ ಒಬ್ಬ. 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತ ಬದುಕಿಕೊಂಡನಾದರೂ ಹೊಟ್ಟೆಯ ತೂತು ಮುಚ್ಚಲಿಲ್ಲ. ಆ ತೂತಿನ ಮೂಲಕ ವರ್ಷಗಟ್ಟಲೆ ಜಠರವನ್ನು ನೋಡಿದ ಬ್ಯೂಮಾಂಟ್, ಆತ ಸಿಟ್ಟಿಗೆದ್ದಾಗ ಜೀರ್ಣಕ್ರಿಯೆ ಕೆಡುವುದನ್ನು 1833ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಆಯುರ್ವೇದ ಮತ್ತು ಮನೆಮದ್ದು

ಆಯುರ್ವೇದ ಗ್ರಂಥಗಳು ಉಬ್ಬರವನ್ನು ಆಧ್ಮಾನ, ಆನಾಹ ಎಂಬ ಹೆಸರುಗಳಲ್ಲಿ ವಾತದ ವಿಕಾರವಾಗಿ ವರ್ಣಿಸುತ್ತವೆ. ಅಜೀರ್ಣದ ಬಗೆಗಳಲ್ಲಿ ವಿಷ್ಟಬ್ಧಾಜೀರ್ಣ ಎಂಬುದು ಇದಕ್ಕೆ ಹತ್ತಿರ. ಚರಕಸಂಹಿತೆಯ ವಿಮಾನಸ್ಥಾನ ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ದೋಷಗಳ ಸಂಚಾರಕ್ಕೆ ಎನ್ನುತ್ತದೆ. ವಾಗ್ಭಟನ ಅಷ್ಟಾಂಗಹೃದಯದ ಲೆಕ್ಕ ನಾಲ್ಕು ಪಾಲಿನದು: ಎರಡು ಅನ್ನಕ್ಕೆ, ಒಂದು ನೀರಿಗೆ, ಒಂದು ಖಾಲಿ. ಹೊಟ್ಟೆ ಬಿರಿಯೆ ಉಣ್ಣಬೇಡಿ ಎಂಬುದು ಎರಡರ ತಾತ್ಪರ್ಯ. ಹಿಂಗ್ವಷ್ಟಕ ಚೂರ್ಣ ಈ ತೊಂದರೆಗೆ ಹೆಸರಾದ ಔಷಧ. ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಎರಡು ಬಗೆಯ ಜೀರಿಗೆ, ಇಂಗು ಸೇರಿದ ಇದನ್ನು ತುಪ್ಪದಲ್ಲಿ ಕಲಸಿ ಮೊದಲ ತುತ್ತಿನೊಂದಿಗೆ ಉಣ್ಣುವುದು ಕ್ರಮ.

ಇಂಗು ಫೆರುಲಾ ಗಿಡದ ಬೇರಿನಿಂದ ಒಸರುವ ಅಂಟು. ನಮ್ಮ ಸಾರಿಗೆ ಬೀಳುವುದು ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾಗಳದು. ಭಾರತದಲ್ಲೇ ಬೆಳೆಯುವ ಯತ್ನವಾಗಿ ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಲಾಹೌಲ್ ಕಣಿವೆಯ ಕ್ವಾರಿಂಗ್ ಹಳ್ಳಿಯಲ್ಲಿ ಸಸಿ ನೆಟ್ಟಿತು. ಡಬ್ಬಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಅಂಟಿಗಿಂತ ಹಿಟ್ಟೇ ಹೆಚ್ಚು, ಅದೂ ಬಹಳ ಸಲ ಗೋಧಿಯದು. ಗೋಧಿ ಆಗದವರು ಇದನ್ನು ಗಮನಿಸಬೇಕು.

ಮಲೆನಾಡಿನ ಊಟದಲ್ಲಿ ಶುಂಠಿಯದೋ ದೊಡ್ಡಪತ್ರೆಯದೋ ತಂಬುಳಿ, ಬಯಲುಸೀಮೆಯಲ್ಲಿ ಇಂಗು ಜೀರಿಗೆಯ ಮಜ್ಜಿಗೆ, ಎಲ್ಲೆಡೆ ಓಮದ ಕಷಾಯ, ಊಟದ ಕೊನೆಗೆ ಸೋಂಪು ಇವು ರೂಢಿಯ ಮದ್ದುಗಳು. ಶುಂಠಿಯಿಂದ ಜಠರ ಬೇಗ ಖಾಲಿಯಾಗುವುದು ತೈವಾನಿನ ಪ್ರಯೋಗಗಳಲ್ಲಿ ಕಂಡಿದೆ. ಓಮದ ಘಾಟು ಥೈಮಾಲ್ ಎಂಬ ತೈಲಾಂಶದ್ದು. ಮಿಕ್ಕವುಗಳ ಮೇಲೆ ಮನುಷ್ಯರಲ್ಲಿ ನಡೆದ ಗಟ್ಟಿ ಪರೀಕ್ಷೆಗಳು ಕಡಿಮೆ. ಅಡುಗೆಯ ಪ್ರಮಾಣದಲ್ಲಿ ಅಪಾಯವಿಲ್ಲದ್ದರಿಂದ ಬಳಸಿ ನೋಡಲು ಅಡ್ಡಿಯಿಲ್ಲ. ಜೀರ್ಣಕ್ಕೆಂದು ಹಾಕುವ ಎಲೆಯಡಿಕೆಯ ಮಾತು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿಟ್ಟಿದೆ. ವೀಳ್ಯದೆಲೆಯನ್ನಷ್ಟೇ ಜಗಿದರೆ ಈ ತಕರಾರಿಲ್ಲ.

ಅಂಗಡಿಯ ಔಷಧ

ಹೊಟ್ಟೆ ಉಬ್ಬಿದಾಗ ಗೋಲಿಸೋಡಾ ಕುಡಿಯುವುದು ಹಳೆಯ ಅಭ್ಯಾಸ. ಹೈರಂ ಕಾಡ್ ಎಂಬ ಇಂಗ್ಲಿಷಿನವ 1872ರಲ್ಲಿ ಪೇಟೆಂಟ್ ಪಡೆದ ಆ ಗೋಲಿಯ ಬಾಟಲಿ ತನ್ನ ದೇಶದಲ್ಲಿ ಮರೆಯಾಗಿ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಉಳಿದುಕೊಂಡಿತು. ಸೋಡಾ ಹೊಟ್ಟೆಗೆ ಇನ್ನಷ್ಟು ಅನಿಲವನ್ನೇ ಸೇರಿಸುತ್ತದೆ. ಅದು ದೊಡ್ಡ ತೇಗಾಗಿ ಹೊರಬಂದಾಗ ಹಿತವೆನಿಸುತ್ತದೆ. ನೀರಿನಲ್ಲಿ ಬುಸುಗುಟ್ಟುವ ಆಮ್ಲಶಾಮಕ ಪುಡಿಗಳ ಕೆಲಸವೂ ಅರ್ಧ ಇದೇ, ಇನ್ನರ್ಧ ಆಮ್ಲವನ್ನು ತಣಿಸುವುದು. ಅವುಗಳಲ್ಲಿ ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ದಿನವೂ ಸಲ್ಲದು. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆಮ್ಲ ತಗ್ಗಿಸುತ್ತವೆ, ಅನಿಲವನ್ನಲ್ಲ. ಎದೆಯುರಿ, ಹುಣ್ಣು ಇದ್ದವರಿಗೆ ಅವು ವರ. ಬರೀ ಉಬ್ಬರಕ್ಕೆ ವರ್ಷಗಟ್ಟಲೆ ನುಂಗಿದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಉಬ್ಬರವೇ ಬೆಳೆಯಬಹುದು. ಸೈಮೆಥಿಕೋನ್ ಗುಳ್ಳೆಗಳನ್ನು ಒಡೆಯುತ್ತದೆ. ಅದರ ಗುಣ ಸಾಧಾರಣ. ಡೊಂಪೆರಿಡೋನ್ ಜಠರವನ್ನು ಚುರುಕುಗೊಳಿಸುತ್ತದಾದರೂ ಹೃದಯದ ಬಡಿತ ಕೆಡಿಸಬಲ್ಲದೆಂದು ಯುರೋಪಿನಲ್ಲಿ 2014ರಲ್ಲಿ ಅದರ ಬಳಕೆಗೆ ಮಿತಿ ಹಾಕಿದರು. ನಮ್ಮಲ್ಲಿ ಅದು ಪ್ಯಾಂಟೊಪ್ರಜೋಲಿನ ಜೊತೆ ಒಂದೇ ಗುಳಿಗೆಯಾಗಿ ಸಲೀಸಾಗಿ ಮಾರಾಟವಾಗುತ್ತದೆ.

ಉಬ್ಬರ ತರುವ ಔಷಧಗಳೂ ಇವೆ. ಮಧುಮೇಹಕ್ಕೆ ಊಟದ ಜೊತೆ ಕೊಡುವ ವೋಗ್ಲಿಬೋಸ್, ಅಕಾರ್ಬೋಸ್ ಪಿಷ್ಟ ಒಡೆಯುವುದನ್ನೇ ತಡೆಯುತ್ತವೆ. ಆ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಅನಿಲವಾಗುತ್ತದೆ. ಮೆಟ್‌ಫಾರ್ಮಿನ್, ಕಬ್ಬಿಣದ ಮಾತ್ರೆ, ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್, ತೂಕ ಇಳಿಸಲು ಈಚೆಗೆ ಬಳಕೆಗೆ ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದು ಇದೇ ಪಟ್ಟಿಗೆ ಸೇರುತ್ತವೆ. ಮಲಬದ್ಧತೆ ತಾನೇ ಉಬ್ಬರದ ದೊಡ್ಡ ಕಾರಣ. ಅದಕ್ಕೆ ನಿಧಾನವಾಗಿ ಹುದುಗುವ ಇಸಬ್‌ಗೋಲ್ ಬೂಸಾಕ್ಕಿಂತ ಹಿತ.

ಆಹಾರ ಪಥ್ಯದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ ರೂಪಿಸಿದ ಫಾಡ್‌ಮ್ಯಾಪ್ ಕ್ರಮ. ಹುದುಗುವ ಸಕ್ಕರೆಗಳಿರುವ ಆಹಾರವನ್ನೆಲ್ಲ 2ರಿಂದ 6 ವಾರ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಂದು ಯಾವುದು ಆಗದು ಎಂದು ಗುರುತಿಸುವುದು ಇದರ ರೀತಿ. ಬಹಳ ಜನ ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ಬೇಳೆ, ಕಾಳನ್ನೇ ಪ್ರೋಟೀನಿಗೆ ನೆಚ್ಚಿದ ಸಸ್ಯಾಹಾರಿಗಳಿಗೆ ಅದು ಅಪಾಯ. ಆಹಾರ ತಜ್ಞರ ಮಾರ್ಗದರ್ಶನವಿಲ್ಲದೆ ತೊಡಗಬಾರದು.

ಉಬ್ಬರದ ಹಿಂದಿನ ಬೇರೆ ಕಾಯಿಲೆಗಳು

ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ನುಂಗಲು ತೊಡಕು, ನಿಲ್ಲದ ವಾಂತಿ, ಕಾಮಾಲೆ, ರಕ್ತಹೀನತೆ, ಸಂಜೆಯ ಜ್ವರ ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ದಿನ ಕಳೆಯುವಂತಿಲ್ಲ. ಬೆಳಗ್ಗೆಯೂ ಇಳಿಯದೆ ದಿನೇ ದಿನೇ ದೊಡ್ಡದಾಗುವ ಹೊಟ್ಟೆಯಲ್ಲಿ ನೀರು ತುಂಬಿರಬಹುದು. ಯಕೃತ್ತಿನ ರೋಗ, ಹೊಟ್ಟೆಯ ಕ್ಷಯ ಅದಕ್ಕೆ ನಮ್ಮಲ್ಲಿ ಸಾಮಾನ್ಯ ಕಾರಣಗಳು. ಐವತ್ತು ದಾಟಿದ ಹೆಂಗಸರಲ್ಲಿ ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದ ಉಬ್ಬರ ಅಂಡಾಶಯದ ಕ್ಯಾನ್ಸರಿನ ಮೊದಲ ಸುಳಿವಾಗಿರಬಲ್ಲದು. ಕರಿದುದನ್ನು ಉಂಡ ರಾತ್ರಿ ಬಲ ಪಕ್ಕೆಯಡಿ ಗಂಟೆಗಟ್ಟಲೆ ನೋವು ಬಂದರೆ ಪಿತ್ತಕೋಶದ ಕಲ್ಲನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕಬೇಕು. ಹಳೆಯ ಮಧುಮೇಹಿಗಳಲ್ಲಿ ಜಠರದ ನರಗಳೇ ಸೋತು ಮಧ್ಯಾಹ್ನದ ಅನ್ನ ರಾತ್ರಿಯವರೆಗೂ ಉಳಿಯುವುದುಂಟು. ಹೊಟ್ಟೆ ಉಬ್ಬಿ, ವಾಯುವೂ ಮಲವೂ ನಿಂತು, ವಾಂತಿಯಾಗುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಅದು ಶಸ್ತ್ರಚಿಕಿತ್ಸಕರ ಕೆಲಸ. ರಾತ್ರಿ ಊಟದ ನಂತರ ಎದೆ, ಮೇಲ್ಹೊಟ್ಟೆ ಹಿಂಡಿದಂತಾಗಿ ಬೆವರು, ಉಸಿರಾಟದ ಕಷ್ಟ, ದವಡೆಗೋ ಎಡಗೈಗೋ ಹರಡುವ ನೋವು ಬಂದಾಗ ಗ್ಯಾಸ್ಟ್ರಿಕ್ ಇರಬೇಕು ಎಂದು ಓಮದ ನೀರು ಕುಡಿದು ಬೆಳಗಿನವರೆಗೆ ಕಾದವರಲ್ಲಿ ಹೃದಯಾಘಾತವಾದ ಉದಾಹರಣೆಗಳು ಯಾವ ತುರ್ತು ಚಿಕಿತ್ಸಾ ಘಟಕಕ್ಕೂ ಹೊಸವಲ್ಲ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರಿಯ ಉಬ್ಬರದಂತೆ ಅದು ತೋರುವುದೂ ಉಂಟು. ಇಂಥಲ್ಲಿ 108ಕ್ಕೆ ಕರೆ ಮಾಡಿ ಕೂಡಲೇ ಇಸಿಜಿ ಮಾಡಿಸಬೇಕು.

ವೈದ್ಯರ ಮುಂದೆ

ಈ ತೊಂದರೆಯ ಪರೀಕ್ಷೆಯಲ್ಲಿ ಒಂದು ಪೇಚಿದೆ. ರಾತ್ರಿ 10ಕ್ಕೆ ಬಿಗಿದಿದ್ದ ಹೊಟ್ಟೆ ಬೆಳಗ್ಗೆ 11ಕ್ಕೆ ವೈದ್ಯರ ಮುಂದೆ ಏನೂ ಆಗದಂತೆ ಇಳಿದಿರುತ್ತದೆ. ಸ್ಕ್ಯಾನಿನಲ್ಲೂ ಎಂಡೋಸ್ಕೋಪಿಯಲ್ಲೂ ಹೆಚ್ಚಿನವರಿಗೆ ಏನೂ ಸಿಗುವುದಿಲ್ಲ. ಲ್ಯಾಕ್ಟೋಸ್ ಒಗ್ಗದಿರುವುದನ್ನು, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನು ಉಸಿರಿನ ಜಲಜನಕ ಅಳೆದು ಗುರುತಿಸುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಬೆಳಗ್ಗೆ ಎದ್ದಾಗ ಮತ್ತು ಉಬ್ಬಿದಾಗ ಮೊಬೈಲಿನಲ್ಲಿ ತೆಗೆದ ಎರಡು ಚಿತ್ರ, ಹೊಕ್ಕುಳ ಮಟ್ಟದಲ್ಲಿ ದರ್ಜಿಯ ಟೇಪು ಹಿಡಿದ ಎರಡು ಅಳತೆ, ಎರಡು ವಾರದ ಊಟದ ಬರಹ ಇವು ವೈದ್ಯರಿಗೆ ಮಾತಿಗಿಂತ ಹೆಚ್ಚು ನೆರವಾಗುತ್ತವೆ. ಬರಹದಲ್ಲಿ ರಾತ್ರಿಯ ಊಟ ಮಾತ್ರವಲ್ಲ, ಮಧ್ಯಾಹ್ನದ ಹುಳಿಯಲ್ಲಿ ಯಾವ ಕಾಳಿತ್ತು, ಸಂಜೆ ಕಚೇರಿಯ ಕ್ಯಾಂಟೀನಿನಲ್ಲಿ ಏನು ತಿಂದದ್ದು, ಹಾಲು ಕುಡಿದದ್ದು ಯಾವಾಗ, ಮಲವಿಸರ್ಜನೆ ಆಯಿತೇ ಎಂಬುದನ್ನೂ ಗಂಟೆಯ ಸಮೇತ ಗುರುತಿಸಿಡಬೇಕು.